ಆಸ್ಟ್ರೇಲಿಯಾದಲ್ಲಿರುವ ಸಂಗಾತಿಯ ಬಳಿ ಹೋಗಲು ಪಾರ್ಟ್ನರ್ ವೀಸಾ: ಅರ್ಜಿ ಹಾಕುವುದು ಹೇಗೆ?

ಮದುವೆಯಾಗಿದೆ, ಸಂಗಾತಿ ಆಸ್ಟ್ರೇಲಿಯಾದಲ್ಲಿದ್ದಾರೆ. ಇನ್ನೇನು, ಮದುವೆ ಸರ್ಟಿಫಿಕೇಟ್ ಕೊಟ್ಟರೆ ವೀಸಾ ಬರುತ್ತೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಸರ್ಟಿಫಿಕೇಟ್‌ನಿಂದ ಅರ್ಜಿ ಹಾಕಲು ಅರ್ಹತೆ ಬರುತ್ತದೆ, ಅಷ್ಟೇ. ನೀವಿಬ್ಬರೂ ನಿಜವಾಗಿ ಸಂಸಾರ ಮಾಡುತ್ತಿದ್ದೀರಿ, ಮುಂದೆಯೂ ಒಟ್ಟಿಗೆ ಇರುತ್ತೀರಿ ಅಂತ ಅಧಿಕಾರಿಗೆ ಕಾಗದದ ಮೇಲೆ ತೋರಿಸಬೇಕು. ಅವರು ನಿಮ್ಮನ್ನು ಎಂದೂ ನೋಡಿರುವುದಿಲ್ಲ. ನಿಮ್ಮ ಫೈಲ್ ಒಂದೇ ಅವರಿಗೆ ಆಧಾರ. ಈ ಲೇಖನದ ಹೆಚ್ಚಿನ ಭಾಗ ಆ ಫೈಲ್ ಕಟ್ಟುವುದರ ಬಗ್ಗೆಯೇ ಇದೆ.

ಮೊದಲು, ನಿಮಗೆ ಬೇಕಾದ್ದು ಈ ವೀಸಾನೇನಾ?

ಆಸ್ಟ್ರೇಲಿಯಾದ ಹೊರಗಿನಿಂದ ಹಾಕುವ ಪಾರ್ಟ್ನರ್ ವೀಸಾಗೆ ಸಬ್‌ಕ್ಲಾಸ್ (ಅಂದರೆ ವೀಸಾದ ಬಗೆ) 309 ಮತ್ತು 100 ಎಂಬ ಎರಡು ಅಂಕಿಗಳಿವೆ. 309 ತಾತ್ಕಾಲಿಕ, 100 ಕಾಯಂ. ಎರಡಕ್ಕೂ ಒಂದೇ ಅರ್ಜಿ, ಒಂದೇ ಫೀಸು. ಇದನ್ನು ಹಾಕಬೇಕಾದರೆ ನಿಮ್ಮ ಸಂಗಾತಿ ಆಸ್ಟ್ರೇಲಿಯಾದ ಪ್ರಜೆ ಆಗಿರಬೇಕು, ಇಲ್ಲವೇ ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು, ಹೊಂದಿರಬೇಕು, ಅಥವಾ ಅಲ್ಲಿ ನೆಲೆಸಿದ ಅರ್ಹ ನ್ಯೂಜಿಲೆಂಡ್ ಪ್ರಜೆ ಆಗಿರಬೇಕು.

ತುಂಬಾ ಜನ ಎಡವುವುದು ಇಲ್ಲೇ. ಗಂಡ ಕಂಪನಿ ಕೆಲಸದ ಮೇಲೆ 482 ವೀಸಾದಲ್ಲಿದ್ದರೆ, ಅಥವಾ ಹೆಂಡತಿ ಸ್ಟೂಡೆಂಟ್ ವೀಸಾದಲ್ಲಿದ್ದರೆ, ಅಥವಾ ಒಬ್ಬರು 491 ರೀಜನಲ್ ವೀಸಾದಲ್ಲಿದ್ದರೆ, ಅವರು ನಿಮಗೆ ಪಾರ್ಟ್ನರ್ ವೀಸಾ ಸ್ಪಾನ್ಸರ್ ಮಾಡಲು ಆಗುವುದಿಲ್ಲ. ಆಗ ನೀವು ಅವರದೇ ವೀಸಾದ ಮೇಲೆ ಕುಟುಂಬದ ಸದಸ್ಯರಾಗಿ ಸೇರಿಕೊಳ್ಳಲು ಅರ್ಜಿ ಹಾಕಬೇಕು. ಅದು ಬೇರೆಯೇ ದಾರಿ. ಆದ್ದರಿಂದ ಬೇರೇನೂ ಮಾಡುವ ಮುಂಚೆ ಸಂಗಾತಿಯ ವೀಸಾ ಪತ್ರವನ್ನು ತರಿಸಿಕೊಂಡು ಅದರ ಸಬ್‌ಕ್ಲಾಸ್ ಅಂಕಿ ನೋಡಿ. "ಅವರಿಗೆ ಪಿಆರ್ ಇದೆಯಂತೆ" ಅನ್ನುವ ಮಾತು ಸಾಲದು.

ಇನ್ನೂ ಮದುವೆ ಆಗಿಲ್ಲ, ನಿಶ್ಚಿತಾರ್ಥ ಮಾತ್ರ ಆಗಿದೆ ಅಂದರೆ ಸಬ್‌ಕ್ಲಾಸ್ 300 ಅಂತ ಇನ್ನೊಂದಿದೆ. ಅದರಲ್ಲಿ ಹೋಗಿ, ವೀಸಾ ಅವಧಿಯೊಳಗೆ ಮದುವೆಯಾಗಿ, ಆಮೇಲೆ ಅಲ್ಲಿಂದಲೇ ಪಾರ್ಟ್ನರ್ ವೀಸಾಗೆ ಮತ್ತೆ ಅರ್ಜಿ ಹಾಕಬೇಕು. ಹೇಗಿದ್ದರೂ ಮದುವೆ ದಿನ ಹತ್ತಿರವಿದ್ದರೆ ಮದುವೆ ಮುಗಿಸಿ ನೇರವಾಗಿ 309 ಹಾಕುವುದೇ ವಾಸಿ. ಒಂದು ಸುತ್ತು ಕಡಿಮೆಯಾಗುತ್ತದೆ.

ಸ್ಪಾನ್ಸರ್‌ಗೂ, ಅಂದರೆ ನಿಮ್ಮನ್ನು ಕರೆಸಿಕೊಳ್ಳುವ ಸಂಗಾತಿಗೂ, ಮಿತಿಗಳಿವೆ. ಒಬ್ಬರು ಜೀವನದಲ್ಲಿ ಸಾಮಾನ್ಯವಾಗಿ ಇಬ್ಬರನ್ನು ಮಾತ್ರ ಸಂಗಾತಿಯಾಗಿ ಸ್ಪಾನ್ಸರ್ ಮಾಡಬಹುದು, ಅದೂ 5 ವರ್ಷಗಳ ಅಂತರ ಬಿಟ್ಟು. ನಿಮ್ಮ ಸಂಗಾತಿಯೇ ಹಿಂದೆ ಯಾರದೋ ಪಾರ್ಟ್ನರ್ ವೀಸಾದ ಮೇಲೆ ಆಸ್ಟ್ರೇಲಿಯಾಕ್ಕೆ ಹೋದವರಾದರೆ, ಅವರಿಗೂ ಈ 5 ವರ್ಷದ ನಿಯಮ ಅನ್ವಯಿಸುತ್ತದೆ. ಎರಡನೇ ಮದುವೆಗಳಲ್ಲಿ ಇದನ್ನು ಮುಂಚೆಯೇ ಕೇಳಿಕೊಳ್ಳಿ. ಮುಜುಗರ ಅನ್ನಿಸಿದರೂ ಕೇಳಿ.

ಐಇಎಲ್‌ಟಿಎಸ್ ಬರೆಯಬೇಕಾ ಅಂತ ಕೇಳುವವರು ಜಾಸ್ತಿ. ಈ ಅರ್ಜಿಗೆ ಇಂಗ್ಲಿಷ್ ಪರೀಕ್ಷೆ ಬೇಕಿಲ್ಲ. ಸಂಗಾತಿಗೆ ಇಷ್ಟೇ ಸಂಬಳ ಇರಬೇಕು ಅನ್ನುವ ನಿಗದಿಯೂ ಇಲ್ಲ.

ಹೆಸರು, ದಿನಾಂಕ, ಮದುವೆ ನೋಂದಣಿ

ಮದುವೆ ಛತ್ರದ ರಸೀದಿ, ದೇವಸ್ಥಾನದ ಪತ್ರ ಇವೆಲ್ಲ ಜೊತೆಗೆ ಇರಲಿ. ಆದರೆ ಮುಖ್ಯ ಕಾಗದ ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರವೇ. ಸಂಗಾತಿ ರಜೆ ಮುಗಿಸಿ ಹೊರಡುವ ಮುಂಚೆ ಇದನ್ನು ಮಾಡಿಸಿಕೊಂಡುಬಿಡಿ. ಆಮೇಲೆ ಇದೊಂದಕ್ಕಾಗಿ ಅವರು ಮತ್ತೆ ಬರಬೇಕಾಗಬಹುದು.

ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಅಂತಿಮ ಆದೇಶ ಬೇಕು, ಸಂಗಾತಿ ತೀರಿಕೊಂಡಿದ್ದರೆ ಮರಣ ಪತ್ರ ಬೇಕು. ಹಳೆಯ ಮದುವೆ ಕಾನೂನಿನ ಪ್ರಕಾರ ಮುಗಿಯುವ ಮೊದಲೇ ಹೊಸ ಮದುವೆ ಆಗಿದ್ದರೆ ಅದು ಸಿಂಧುವಾಗುವುದಿಲ್ಲ, ಇಡೀ ಅರ್ಜಿಯೇ ಅಲುಗಾಡುತ್ತದೆ. ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ.

ಇನ್ನು ನಮ್ಮ ಕಡೆಯ ಹೆಸರಿನ ಗೋಜಲು. ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ, ಮದುವೆ ಪತ್ರದಲ್ಲಿ ಇನ್ನೊಂದು ಕಾಗುಣಿತ. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಹೆಸರು ಬರೆಯಿರಿ. ಉಳಿದ ಎಲ್ಲ ರೂಪಗಳನ್ನೂ "ಬೇರೆ ಹೆಸರುಗಳು" ಅನ್ನುವ ಜಾಗದಲ್ಲಿ ಸೇರಿಸಿ. ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಾಯಿಸುವ ಯೋಚನೆ ಇದ್ದರೆ ಅರ್ಜಿ ಹಾಕುವ ಮುಂಚೆ ಮುಗಿಸಿ, ಇಲ್ಲವೇ ವೀಸಾ ಬರುವವರೆಗೆ ಅದರ ತಂಟೆಗೆ ಹೋಗಬೇಡಿ.

ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಆಸ್ಟ್ರೇಲಿಯಾದಲ್ಲಿ ಮಾಡಿಸಿದರೆ ನಾಟಿ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಅನುವಾದಕರೇ ಆಗಬೇಕು. ಇಲ್ಲಿ ಮಾಡಿಸಿದರೆ ಅನುವಾದಕರ ಪೂರ್ತಿ ಹೆಸರು, ವಿಳಾಸ, ಫೋನ್, ಅವರ ಓದು ಮತ್ತು ಅನುಭವ ಅನುವಾದದ ಕೊನೆಯಲ್ಲಿ ಇರಬೇಕು.

ನಾಲ್ಕು ವಿಷಯಗಳು: ಫೈಲ್‌ನ ಜೀವ ಇಲ್ಲಿದೆ

ಆಸ್ಟ್ರೇಲಿಯಾದ 1994ರ ವಲಸೆ ನಿಯಮಗಳಲ್ಲಿ 1.15ಎ ಅಂತ ಒಂದು ನಿಯಮವಿದೆ. ಗಂಡ ಹೆಂಡಿರ ಸಂಬಂಧ ಅಸಲಿಯೋ ಅಲ್ಲವೋ ಅಂತ ನೋಡಲು ಅಧಿಕಾರಿ ನಾಲ್ಕು ಕಡೆ ಕಣ್ಣು ಹಾಯಿಸಬೇಕು ಅನ್ನುತ್ತದೆ ಅದು: ಹಣಕಾಸು, ಮನೆವಾಳ್ತೆ, ಸಮಾಜದಲ್ಲಿ ನೀವು ಹೇಗೆ ಗುರುತಿಸಿಕೊಂಡಿದ್ದೀರಿ, ಮತ್ತು ಒಬ್ಬರಿಗೊಬ್ಬರು ಎಷ್ಟು ಬದ್ಧರಾಗಿದ್ದೀರಿ. ನಾಲ್ಕಕ್ಕೂ ಸಮನಾದ ಪುರಾವೆ ಇರಲೇಬೇಕು ಅಂತಿಲ್ಲ. ಆದರೆ ಒಂದು ಪೂರ್ತಿ ಖಾಲಿ ಇದ್ದರೆ, ಯಾಕೆ ಖಾಲಿ ಅಂತ ನೀವೇ ಹೇಳಬೇಕು.

ಮನೆಯವರು ನೋಡಿ ಮಾಡಿದ ಮದುವೆ, ಹುಡುಗ ಒಂದು ತಿಂಗಳ ರಜೆಯಲ್ಲಿ ಬಂದು ಹೋಗಿದ್ದಾನೆ. ಇಂಥವರಿಗೆ ಈ ಪಟ್ಟಿ ನೋಡಿದರೆ ಎದೆ ಝಲ್ ಅನ್ನುತ್ತದೆ. ಜಂಟಿ ಖಾತೆ ಇಲ್ಲ, ಜಂಟಿ ಬಾಡಿಗೆ ಕರಾರು ಇಲ್ಲ, ಕರೆಂಟ್ ಬಿಲ್ ಇಲ್ಲ. ಗಾಬರಿ ಬೇಡ. ಕಾನೂನಿನ ಮಾತೇ ಹೀಗಿದೆ: ಗಂಡ ಹೆಂಡತಿ ಒಟ್ಟಿಗೆ ವಾಸಿಸಬೇಕು, ಅಥವಾ ಕಾಯಂ ಆಗಿ ಬೇರೆ ಬೇರೆ ಇರಬಾರದು. ಕೆಲಸಕ್ಕೋ ವೀಸಾಕ್ಕೋ ಕಾದು ದೂರ ಇರುವುದು ಕಾಯಂ ದೂರವಲ್ಲ. ಒಂದು ವರ್ಷ ಒಟ್ಟಿಗೆ ಬಾಳಿರಬೇಕು ಅನ್ನುವ ಷರತ್ತು ಮದುವೆಯಾಗದೆ ಜೊತೆಗಿರುವ ಜೋಡಿಗಳಿಗೆ ಇರುವುದು, ಮದುವೆಯಾದವರಿಗೆ ಅಲ್ಲ.

ಹಣಕಾಸಿನ ವಿಷಯಕ್ಕೆ ಬನ್ನಿ. ಸಂಗಾತಿ ಅಲ್ಲಿಂದ ನಿಮಗೆ ದುಡ್ಡು ಕಳಿಸುತ್ತಿದ್ದರೆ ಆ ವರ್ಗಾವಣೆಗಳ ದಾಖಲೆ ಇಡಿ. ನೀವು ಇಲ್ಲಿಂದ ಅವರಿಗಾಗಿ ಖರ್ಚು ಮಾಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇನ್ಶೂರೆನ್ಸ್‌ನಲ್ಲಿ, ಪಿಎಫ್‌ನಲ್ಲಿ, ಬ್ಯಾಂಕ್ ಖಾತೆಯಲ್ಲಿ ನಾಮಿನಿ ಹೆಸರು ಬದಲಾಯಿಸಿ. ಅಲ್ಲಿನವರು ತಮ್ಮ ಸೂಪರ್ ಖಾತೆಯಲ್ಲಿ, ಅಂದರೆ ನಿವೃತ್ತಿ ನಿಧಿಯಲ್ಲಿ, ನಿಮ್ಮನ್ನು ವಾರಸುದಾರರಾಗಿ ಸೇರಿಸಬಹುದು. ಇದಕ್ಕೆ ಖರ್ಚಿಲ್ಲ, ತೂಕ ಜಾಸ್ತಿ. ಮದುವೆ ಖರ್ಚನ್ನು ಯಾರು ಯಾರು ಹಂಚಿಕೊಂಡರು ಅನ್ನುವ ರಸೀದಿಗಳೂ ಕೆಲಸಕ್ಕೆ ಬರುತ್ತವೆ. ಅರ್ಜಿಗೆ ಒಂದು ವಾರ ಮುಂಚೆ ಜಂಟಿ ಖಾತೆ ತೆರೆದು ಸಾವಿರ ರೂಪಾಯಿ ಹಾಕಿ ಸುಮ್ನೆ ಬಿಟ್ಟರೆ ಅದು ಯಾರನ್ನೂ ನಂಬಿಸುವುದಿಲ್ಲ. ತೆರೆದರೆ ಬಳಸಿ.

ಮನೆವಾಳ್ತೆಯೇ ದೂರವಿರುವವರಿಗೆ ಕಷ್ಟದ ವಿಷಯ. ಒಟ್ಟಿಗೆ ಇದ್ದ ದಿನಗಳಲ್ಲಿ ಎಲ್ಲಿದ್ದಿರಿ, ಅತ್ತೆ ಮನೆಯಲ್ಲೋ ಬೇರೆ ಮನೆಯಲ್ಲೋ, ಮನೆಗೆಲಸ ಹೇಗೆ ಹಂಚಿಕೊಂಡಿರಿ ಅಂತ ಬರೆಯಿರಿ. ಒಟ್ಟಿಗೆ ಹೋದ ಊರುಗಳ ಹೋಟೆಲ್ ಬಿಲ್, ಟಿಕೆಟ್ ಇಡಿ. ಅಲ್ಲಿ ನೀವು ಹೋಗಿ ಇರಲಿರುವ ಮನೆಯ ಬಾಡಿಗೆ ಕರಾರು, ಇಬ್ಬರ ಹೆಸರಿಗೂ ಒಂದೇ ವಿಳಾಸಕ್ಕೆ ಬಂದ ಪತ್ರ, ಆನ್‌ಲೈನ್‌ನಲ್ಲಿ ಒಬ್ಬರು ಇನ್ನೊಬ್ಬರ ವಿಳಾಸಕ್ಕೆ ತರಿಸಿಕೊಟ್ಟ ಸಾಮಾನಿನ ಬಿಲ್, ಹೀಗೆ ಹುಡುಕಿದರೆ ಸಿಗುತ್ತದೆ.

ಸಾಮಾಜಿಕ ವಿಷಯದಲ್ಲಿ ನಮ್ಮವರಿಗೆ ಚಿಂತೆಯೇ ಇಲ್ಲ, ಅಲ್ವಾ? ಸಾವಿರ ಫೋಟೋ ಇರುತ್ತವೆ. ತೊಂದರೆ ಬೇರೆ: ಸಾವಿರವನ್ನೂ ಹಾಕುತ್ತಾರೆ. ಬೇಡ. ಲಗ್ನಪತ್ರಿಕೆ, ಮದುವೆಯ ಕೆಲವು ಫೋಟೋ, ಆಮೇಲೆ ಬೇರೆ ಬೇರೆ ದಿನ, ಬೇರೆ ಬೇರೆ ಜಾಗ, ಬೇರೆ ಬೇರೆ ಜನರ ಜೊತೆ ಇರುವ ಫೋಟೋ ಆರಿಸಿ. ಪ್ರತಿಯೊಂದರ ಕೆಳಗೆ ದಿನಾಂಕ, ಜಾಗ, ಯಾರು ಯಾರು ಇದ್ದಾರೆ ಅಂತ ಒಂದು ಸಾಲು. ಮದುವೆ ಮಂಟಪದ ಐವತ್ತು ಫೋಟೋ ಹೇಳುವುದು ಒಂದೇ ದಿನದ ಕಥೆ. ಮದುವೆಯಾಗಿ ನಾಲ್ಕು ತಿಂಗಳಾದ ಮೇಲೆ ಯಾವುದೋ ನಾಮಕರಣದಲ್ಲಿ ನಿಂತು ತೆಗೆಸಿದ ಫೋಟೋ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಇದರ ಜೊತೆಗೆ ಸಾಕ್ಷಿಗಳ ಹೇಳಿಕೆ ಬೇಕು. ಇದಕ್ಕೆ ಫಾರ್ಮ್ 888 ಅಂತ ಇದೆ. ನಿಮ್ಮಿಬ್ಬರನ್ನೂ ಬಲ್ಲ, 18 ದಾಟಿದ ಕನಿಷ್ಠ ಇಬ್ಬರಿಂದ ಬರೆಸಿ. ಅವರಲ್ಲಿ ಆಸ್ಟ್ರೇಲಿಯಾದ ಪ್ರಜೆಗಳು ಅಥವಾ ಪಿಆರ್ ಇರುವವರು ಇದ್ದರೆ ಒಳ್ಳೆಯದು. "ಇವರು ಒಳ್ಳೆಯ ಜೋಡಿ, ಸುಖವಾಗಿದ್ದಾರೆ" ಅನ್ನುವ ಹೇಳಿಕೆಯಿಂದ ಉಪಯೋಗವಿಲ್ಲ. ತಾವು ಕಣ್ಣಾರೆ ಕಂಡದ್ದನ್ನು ಬರೆಯಲಿ: ಯಾವಾಗ ಭೇಟಿಯಾದರು, ಎಲ್ಲಿ, ಏನು ನೋಡಿದರು. ಎಲ್ಲರ ಹೇಳಿಕೆಯೂ ಒಂದೇ ವಾಕ್ಯಗಳಲ್ಲಿ ಇದ್ದರೆ ಒಬ್ಬರೇ ಬರೆದು ಹಂಚಿದ್ದು ಅಂತ ತಕ್ಷಣ ಗೊತ್ತಾಗುತ್ತದೆ.

ಕೊನೆಯದು ಬದ್ಧತೆ. ದೂರ ಇರುವಾಗ ದಿನಾ ಮಾತಾಡುತ್ತೀರಿ ಅನ್ನುವುದಕ್ಕೆ ಕರೆಗಳ ಪಟ್ಟಿ, ಚಾಟ್‌ನ ಕೆಲವು ಪುಟಗಳು. ಇಲ್ಲೂ ಆರಿಸಿ. ತಿಂಗಳಿಗೆ ಒಂದೆರಡು ಪುಟ ಸಾಕು, ಕರೆ ಮಾಡಿದ ದಿನಾಂಕ ಮತ್ತು ಅವಧಿ ಕಾಣುವ ಹಾಗೆ. ನಿಮ್ಮ ಖಾಸಗಿ ಮಾತುಗಳನ್ನೆಲ್ಲ ಯಾರಿಗೋ ಓದಿಸಬೇಕಿಲ್ಲ. ಒಬ್ಬರನ್ನೊಬ್ಬರು ನೋಡಲು ಮಾಡಿದ ಪ್ರಯಾಣದ ಬೋರ್ಡಿಂಗ್ ಪಾಸ್, ಕಾಯಿಲೆ ಕಸಾಲೆಯಲ್ಲಿ ನೋಡಿಕೊಂಡದ್ದು, ವಿಲ್ ಬರೆಸಿದ್ದರೆ ಅದು, ನಿಮ್ಮ ಡಿಗ್ರಿಗೆ ಅಲ್ಲಿ ಮಾನ್ಯತೆ ಪಡೆಯಲು ಶುರುಮಾಡಿದ ಓಡಾಟ, ಇವೆಲ್ಲ ಇಲ್ಲಿಗೆ ಸೇರುತ್ತವೆ.

ನಿಮ್ಮ ಕಥೆಯನ್ನು ಇಬ್ಬರೂ ಬರೆಯಿರಿ

ಪುರಾವೆಗಳನ್ನು ಜೋಡಿಸುವ ದಾರ ಅಂದರೆ ನಿಮ್ಮ ಹೇಳಿಕೆ. ಇಬ್ಬರೂ ಪ್ರತ್ಯೇಕವಾಗಿ, ತಮ್ಮ ತಮ್ಮ ಮಾತಿನಲ್ಲಿ ಬರೆಯಬೇಕು. ಹೇಗೆ ಪರಿಚಯವಾಯಿತು, ಸಂಬಂಧ ಹೇಗೆ ಕುದುರಿತು, ಯಾವಾಗ ಮದುವೆಗೆ ಒಪ್ಪಿದಿರಿ, ಎಷ್ಟು ದಿನ ಒಟ್ಟಿಗೆ ಇದ್ದಿರಿ, ಯಾವಾಗ ಮತ್ತು ಯಾಕೆ ದೂರವಾದಿರಿ, ಮುಂದೇನು ಅಂತ.

ಬರೆಯುವ ಮುಂಚೆ ಇಬ್ಬರೂ ಕೂತು ಒಂದು ದಿನಾಂಕದ ಪಟ್ಟಿ ಮಾಡಿಕೊಳ್ಳಿ. ಮೊದಲ ಭೇಟಿ, ನಿಶ್ಚಿತಾರ್ಥ, ಮದುವೆ, ನೋಂದಣಿ, ಅವರು ಹೊರಟ ದಿನ, ಮತ್ತೆ ಬಂದ ದಿನ. ಪಾಸ್‌ಪೋರ್ಟ್ ಮುದ್ರೆಗಳ ಜೊತೆ ತಾಳೆ ನೋಡಿ. ಫಾರ್ಮ್‌ನಲ್ಲಿ ಒಂದು, ಹೇಳಿಕೆಯಲ್ಲಿ ಇನ್ನೊಂದು, ಸಾಕ್ಷಿಯ ಮಾತಿನಲ್ಲಿ ಮತ್ತೊಂದು ದಿನಾಂಕ ಇದ್ದರೆ, ಮಾಮೂಲಿ ಮರೆವೂ ಸುಳ್ಳಿನ ಹಾಗೆ ಕಾಣುತ್ತದೆ. ಅಧಿಕಾರಿ ಫೋನ್ ಮಾಡಿ ಪ್ರಶ್ನೆ ಕೇಳುವ ಸಾಧ್ಯತೆಯೂ ಇದೆ. ಆಗ ಅತ್ತೆ ಮಾವನ ಹೆಸರು, ಸಂಗಾತಿಯ ಕೆಲಸ, ಅವರ ದಿನಚರಿ ನಿಮ್ಮ ಬಾಯಲ್ಲಿ ಸಲೀಸಾಗಿ ಬರಬೇಕು. ಇದಕ್ಕೆ ಉರು ಹೊಡೆಯಬೇಕಿಲ್ಲ.

ಪ್ರೇಮವಿವಾಹವನ್ನು ಮನೆಯವರು ನೋಡಿದ ಮದುವೆ ಅಂತ ಬರೆಯುವುದು, ಮನೆಯವರು ನೋಡಿದ್ದಕ್ಕೆ ಎರಡು ವರ್ಷದ ಪ್ರೀತಿಯ ಕಥೆ ಹೆಣೆಯುವುದು, ಎರಡೂ ಬೇಡ. ಒಂದು ಸಂಜೆ ಹುಡುಗಿ ನೋಡಿ ಒಪ್ಪಿಕೊಂಡ ಮದುವೆಗಳು ಈ ಅಧಿಕಾರಿಗಳಿಗೆ ಹೊಸದೇನಲ್ಲ. ಸುಳ್ಳು ಮಾಹಿತಿ ಅಥವಾ ನಕಲಿ ಕಾಗದ ಕೊಟ್ಟು ಅರ್ಜಿ ತಿರಸ್ಕೃತವಾದರೆ ಮುಂದೆ 3 ವರ್ಷ ಬಹುತೇಕ ವೀಸಾಗಳಿಗೆ ಅಡ್ಡಿ. ಗುರುತಿನ ಬಗ್ಗೆಯೇ ಸುಳ್ಳು ಹೇಳಿದ್ದರೆ 10 ವರ್ಷ.

ಅರ್ಜಿ ಮತ್ತು ದುಡ್ಡು

ಆಸ್ಟ್ರೇಲಿಯಾದ ಗೃಹ ವ್ಯವಹಾರಗಳ ಇಲಾಖೆಯ ವೆಬ್‌ಸೈಟ್‌ನಲ್ಲಿ ಇಮ್ಮಿಅಕೌಂಟ್ ಅಂತ ಖಾತೆ ತೆರೆಯಿರಿ. ಅರ್ಜಿದಾರರು ನೀವು, ಸಂಗಾತಿ ಅಲ್ಲ. ಅರ್ಜಿ ಸಲ್ಲಿಸುವ ಹೊತ್ತಿಗೆ ನೀವು ಆಸ್ಟ್ರೇಲಿಯಾದ ಹೊರಗಿರಲೇಬೇಕು. ಫಾರ್ಮ್ ಉದ್ದವಾಗಿದೆ. ಹಳೆಯ ವಿಳಾಸಗಳು, ಕೆಲಸಗಳು, ವಿದೇಶ ಪ್ರಯಾಣಗಳು ಎಲ್ಲ ಕೇಳುತ್ತದೆ. ಅರ್ಧಕ್ಕೆ ಉಳಿಸಿ ಮತ್ತೆ ತುಂಬಬಹುದು, ಒಂದೇ ರಾತ್ರಿ ಕೂತು ಮುಗಿಸುವ ಹಠ ಬೇಡ.

ಫೀಸು ಸಣ್ಣದಲ್ಲ. 2025ರ ಜುಲೈ 1ರಿಂದ ಮುಖ್ಯ ಅರ್ಜಿದಾರರಿಗೆ 9,365 ಆಸ್ಟ್ರೇಲಿಯನ್ ಡಾಲರ್. ಅದರ ಹಿಂದಿನ ವರ್ಷ 9,095 ಇತ್ತು. ಸಾಮಾನ್ಯವಾಗಿ ಪ್ರತಿ ಜುಲೈಗೆ ಏರುತ್ತದೆ, ಹಾಗಾಗಿ ಜೂನ್‌ನಲ್ಲಿ ಫೈಲ್ ರೆಡಿ ಇದ್ದರೆ ಜುಲೈವರೆಗೆ ಎಳೆಯಬೇಡಿ. ಕಾರ್ಡ್‌ನಲ್ಲಿ ಕಟ್ಟಿದರೆ ಸರ್‌ಚಾರ್ಜ್ ಬೇರೆ. ನಿಮ್ಮ ಕಾರ್ಡ್‌ನ ಮಿತಿ ಅಷ್ಟಿದೆಯಾ ಅಂತ ಮೊದಲೇ ನೋಡಿ. ಸಂಗಾತಿಯ ಆಸ್ಟ್ರೇಲಿಯಾದ ಕಾರ್ಡ್‌ನಲ್ಲಿ ಕಟ್ಟಿದರೆ ವಿದೇಶಿ ವಿನಿಮಯದ ಕಿರಿಕಿರಿ ತಪ್ಪುತ್ತದೆ. ಅರ್ಜಿ ತಿರಸ್ಕೃತವಾದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಅದಕ್ಕೇ ಫೈಲ್ ಗಟ್ಟಿಯಾಗುವವರೆಗೆ ಕಟ್ಟಬೇಡಿ ಅನ್ನುವುದು.

ಹಣ ಕಟ್ಟಿದ ಮೇಲೆ ದಾಖಲೆಗಳನ್ನು ಏರಿಸಬಹುದು. ಒಂದೊಂದು ಕಡತ 5 ಎಂಬಿ ಮೀರಬಾರದು, ಒಟ್ಟು ಕಡತಗಳ ಸಂಖ್ಯೆಗೂ ಮಿತಿ ಇದೆ. ಒಂದೊಂದು ಫೋಟೋವನ್ನೂ ಬಿಡಿಯಾಗಿ ಹಾಕುವ ಬದಲು ಒಂದು ಪಿಡಿಎಫ್ ಮಾಡಿ. ಕಡತದ ಹೆಸರು ನೋಡಿದರೆ ಒಳಗೇನಿದೆ ಅಂತ ತಿಳಿಯಬೇಕು.

ಸ್ಪಾನ್ಸರ್ ಕೆಲಸ ಮರೆಯಬೇಡಿ

ನೀವು ಅರ್ಜಿ ಸಲ್ಲಿಸಿದ ಕೂಡಲೇ ಟಿಆರ್‌ಎನ್ ಅನ್ನುವ ಸಂಖ್ಯೆ ಸಿಗುತ್ತದೆ. ಸಂಗಾತಿ ತಮ್ಮದೇ ಇಮ್ಮಿಅಕೌಂಟ್‌ನಲ್ಲಿ ಆ ಸಂಖ್ಯೆ ಕೊಟ್ಟು ಸ್ಪಾನ್ಸರ್‌ಶಿಪ್ ಅರ್ಜಿ ಹಾಕಬೇಕು. ಇದಕ್ಕೆ ಬೇರೆ ಫೀಸಿಲ್ಲ. ಆದರೆ ಇದಿಲ್ಲದೆ ನಿಮ್ಮ ಅರ್ಜಿಗೆ ಒಂಟಿ ಕಾಲು. ಅವರ ಪಾಸ್‌ಪೋರ್ಟ್ ಅಥವಾ ಪೌರತ್ವ ಪತ್ರ, ಕೆಲಸದ ದಾಖಲೆ, ಪೊಲೀಸ್ ಸರ್ಟಿಫಿಕೇಟ್ ಬೇಕು. ಅವರ ಮೇಲೆ ಗಂಭೀರ ಅಪರಾಧದ ದಾಖಲೆ ಇದ್ದರೆ ಇಲಾಖೆ ಅದನ್ನು ನಿಮಗೆ ತಿಳಿಸಬಹುದು, ಸ್ಪಾನ್ಸರ್‌ಶಿಪ್ ನಿರಾಕರಿಸಲೂಬಹುದು. ಇದು ಒಳ್ಳೆಯ ನಿಯಮವೇ.

ಪೊಲೀಸ್ ಸರ್ಟಿಫಿಕೇಟ್, ಮೆಡಿಕಲ್

ಹದಿನಾರು ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದಿಂದಲೂ ಪೊಲೀಸ್ ಸರ್ಟಿಫಿಕೇಟ್ ತರಬೇಕು. ಭಾರತದ್ದನ್ನು ಪಾಸ್‌ಪೋರ್ಟ್ ಸೇವಾ ಮೂಲಕ ಪಡೆಯಬಹುದು. ದುಬೈನಲ್ಲೋ ಅಮೆರಿಕದಲ್ಲೋ ಕೆಲಸ ಮಾಡಿ ಬಂದವರು ಆ ದೇಶದ್ದನ್ನು ಬೇಗ ಶುರುಮಾಡಿ, ತಡವಾಗುವುದು ಅದೇ.

ಮೆಡಿಕಲ್‌ಗೆ ನಿಮ್ಮ ಮನೆ ಡಾಕ್ಟರ್ ಆಗುವುದಿಲ್ಲ. ಇಲಾಖೆ ನೇಮಿಸಿದ ಪ್ಯಾನಲ್ ಕ್ಲಿನಿಕ್‌ಗಳೇ ಆಗಬೇಕು. ಅರ್ಜಿ ಹಾಕಿದ ಮೇಲೆ ಖಾತೆಯಲ್ಲಿ ಹ್ಯಾಪ್ ಐಡಿ ಅನ್ನುವ ಸಂಖ್ಯೆ ಸಿಗುತ್ತದೆ, ಅದನ್ನು ಕೊಟ್ಟು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ದೊಡ್ಡವರಿಗೆ ಸಾಮಾನ್ಯ ತಪಾಸಣೆ, ಎದೆಯ ಎಕ್ಸ್‌ರೇ, ಮೂತ್ರ ಪರೀಕ್ಷೆ, ಎಚ್‌ಐವಿ ಪರೀಕ್ಷೆ ಇರುತ್ತವೆ. ಗರ್ಭಿಣಿ ಆಗಿದ್ದರೆ ಎಕ್ಸ್‌ರೇಗೆ ಮುಂಚೆ ಹೇಳಿ. ವರದಿಯನ್ನು ಕ್ಲಿನಿಕ್‌ನವರೇ ನೇರವಾಗಿ ಕಳಿಸುತ್ತಾರೆ.

ಪೊಲೀಸ್ ಸರ್ಟಿಫಿಕೇಟ್ ಮತ್ತು ಮೆಡಿಕಲ್ ಎರಡಕ್ಕೂ ಸಾಮಾನ್ಯವಾಗಿ 12 ತಿಂಗಳ ಆಯಸ್ಸು. ತೀರ್ಮಾನ ಬರುವುದು ತಡವಾದರೆ ಮತ್ತೆ ಮಾಡಿಸಬೇಕಾಗುತ್ತದೆ. ಹಾಗಂತ ಕೇಳುವವರೆಗೂ ಸುಮ್ಮನಿರಬೇಕಾ? ನನ್ನ ಪ್ರಕಾರ ಬೇಡ. ಎಲ್ಲ ಕಾಗದ ಇರುವ ಫೈಲ್ ಅಧಿಕಾರಿಯ ಕೈಗೆ ಬಂದಾಗ ಅವರು ಅಲ್ಲೇ ತೀರ್ಮಾನಿಸಬಹುದು. ಒಂದು ಕಾಗದ ಕಮ್ಮಿ ಇದ್ದರೆ ಪತ್ರ ಬರೆದು ಪಕ್ಕಕ್ಕೆ ಇಡುತ್ತಾರೆ. ಬಯೋಮೆಟ್ರಿಕ್ ಕೇಳಿ ಪತ್ರ ಬಂದರೆ ಅದರಲ್ಲಿರುವ ಗಡುವಿನೊಳಗೆ ಹೋಗಿ ಕೊಟ್ಟು ಬನ್ನಿ.

ಕಾಯುವ ಕಾಲ

ಒಂದು ವರ್ಷ ದಾಟುವುದು ಮಾಮೂಲಿ. ಪಕ್ಕದ ಮನೆಯವರಿಗೆ ಎಷ್ಟು ತಿಂಗಳಲ್ಲಿ ಬಂತು ಅಂತ ಲೆಕ್ಕ ಹಾಕುವುದರಿಂದ ಏನೂ ಸಿಗುವುದಿಲ್ಲ. ಈ ಹೊತ್ತಿನಲ್ಲಿ ಮಾಡುವ ಕೆಲಸ ಬೇರೆ ಇದೆ: ಎರಡು ಮೂರು ತಿಂಗಳಿಗೊಮ್ಮೆ ಹೊಸ ಪುರಾವೆ ಏರಿಸುತ್ತಿರಿ. ಹೊಸ ಪಾಸ್‌ಪೋರ್ಟ್, ಹೊಸ ವಿಳಾಸ, ಗರ್ಭಧಾರಣೆ, ಮಗುವಿನ ಜನನ, ಇವನ್ನು ತಕ್ಷಣ ತಿಳಿಸಿ. ಮಗು ಹುಟ್ಟುವಾಗ ಸಂಗಾತಿ ಆಸ್ಟ್ರೇಲಿಯಾದ ಪ್ರಜೆ ಆಗಿದ್ದರೆ ಮಗುವಿಗೆ ವಂಶದ ಮೂಲಕ ಪೌರತ್ವ ಕೇಳಬಹುದು. ಪಿಆರ್ ಮಾತ್ರ ಇದ್ದರೆ, ತೀರ್ಮಾನಕ್ಕೆ ಮುಂಚೆ ಮಗುವನ್ನು ನಿಮ್ಮ ಅರ್ಜಿಗೆ ಸೇರಿಸಬೇಕು.

ನಡುವೆ ಹೋಗಿ ನೋಡಿ ಬರಲು ಸಬ್‌ಕ್ಲಾಸ್ 600 ವಿಸಿಟರ್ ವೀಸಾಗೆ ಅರ್ಜಿ ಹಾಕಬಹುದು. ಪಾರ್ಟ್ನರ್ ವೀಸಾ ಅರ್ಜಿ ನಡೆಯುತ್ತಿದೆ ಅನ್ನುವುದನ್ನು ಅದರಲ್ಲಿ ಮುಚ್ಚಿಡಬೇಡಿ. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. 8503 ಅನ್ನುವ ಷರತ್ತು ಹಾಕಿದ್ದರೆ ಅಲ್ಲಿಂದ ಬೇರೆ ವೀಸಾಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಆಗುವುದಿಲ್ಲ, ಪತ್ರವನ್ನು ಪೂರ್ತಿ ಓದಿ.

ಏಜೆಂಟ್ ಬೇಕಾ? ಹಳೆಯ ತಿರಸ್ಕಾರ, ಹಿಂದಿನ ಮದುವೆ, ಆರೋಗ್ಯದ ತೊಡಕು ಏನೂ ಇಲ್ಲದಿದ್ದರೆ ನೀವೇ ಮಾಡಬಹುದು. ಬೇಕು ಅನ್ನಿಸಿದರೆ ಎಂಎಆರ್‌ಎನ್ ಅನ್ನುವ ನೋಂದಣಿ ಸಂಖ್ಯೆ ಕೇಳಿ, ಸರ್ಕಾರಿ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. "ಗ್ಯಾರಂಟಿ ವೀಸಾ" ಅಂದವರ ಆಫೀಸಿನಿಂದ ಎದ್ದು ಬನ್ನಿ.

ತೀರ್ಮಾನ ಬಂದ ಮೇಲೆ

ತಿರಸ್ಕೃತವಾದರೆ ಕಾರಣಗಳ ಪತ್ರ ಬರುತ್ತದೆ. ಮರುಪರಿಶೀಲನೆಗೆ ಅರ್ಜಿ ಹಾಕುವುದು ಅಲ್ಲಿರುವ ಸ್ಪಾನ್ಸರ್. 2024ರ ಅಕ್ಟೋಬರ್ 14ರಿಂದ ಇದು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್ ಮುಂದೆ ಹೋಗುತ್ತದೆ. ಪತ್ರದಲ್ಲಿರುವ ಕೊನೆಯ ದಿನಾಂಕವನ್ನು ಮೊದಲು ಗುರುತು ಹಾಕಿಕೊಳ್ಳಿ, ಬೇಸರ ಆಮೇಲೆ.

309 ಸಿಕ್ಕರೆ ಪತ್ರದಲ್ಲಿ ಮೊದಲ ಪ್ರವೇಶದ ಗಡುವು ಇದೆಯಾ ನೋಡಿ. ಅದು ಹೆಚ್ಚಾಗಿ ನಿಮ್ಮ ಮೆಡಿಕಲ್ ಅಥವಾ ಪೊಲೀಸ್ ಸರ್ಟಿಫಿಕೇಟ್ ಮುಗಿಯುವ ದಿನಕ್ಕೆ ಹೊಂದಿಕೊಂಡಿರುತ್ತದೆ. ಹೋದ ಮೇಲೆ ಕೆಲಸ ಮಾಡಬಹುದು, ಓದಬಹುದು, ಮೆಡಿಕೇರ್‌ಗೆ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆಗೆ, ಸೇರಬಹುದು. ಇಂಗ್ಲಿಷ್ ಕಲಿಯಲು ಎಎಂಇಪಿ ಅನ್ನುವ ಉಚಿತ ತರಗತಿಗಳಿವೆ. ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಕರೆಂಟ್ ಬಿಲ್‌ಗಳಲ್ಲಿ ಇಬ್ಬರ ಹೆಸರೂ ಬರುವ ಹಾಗೆ ನೋಡಿಕೊಳ್ಳಿ, ಯಾಕೆಂದರೆ ಕಾಯಂ ವೀಸಾದ ಪರೀಕ್ಷೆ ಇನ್ನೂ ಬಾಕಿ ಇದೆ.

ಅದು ಬರುವುದು ಮೊದಲ ಅರ್ಜಿ ಹಾಕಿದ ದಿನದಿಂದ 2 ವರ್ಷ ಆದ ಮೇಲೆ, ಆಸ್ಟ್ರೇಲಿಯಾಕ್ಕೆ ಕಾಲಿಟ್ಟ ದಿನದಿಂದಲ್ಲ. ಅರ್ಜಿ ಹಾಕುವಾಗಲೇ ಸಂಬಂಧಕ್ಕೆ 3 ವರ್ಷ ಆಗಿದ್ದರೆ, ಅಥವಾ ಇಬ್ಬರದೇ ಮಗು ಇದ್ದು 2 ವರ್ಷ ಆಗಿದ್ದರೆ, ನೇರವಾಗಿ 100 ಸಿಗಬಹುದು. ಉಳಿದವರು ಎರಡನೇ ಹಂತದ ಫಾರ್ಮ್, ಸಂಗಾತಿಯ ಹೇಳಿಕೆ ಮತ್ತು ಹೊಸ ಪುರಾವೆಗಳನ್ನು ಖಾತೆಯಲ್ಲಿ ಏರಿಸಬೇಕು. ಮತ್ತೆ ಫೀಸಿಲ್ಲ. ಈ ನಡುವೆ ಮನೆಯಲ್ಲಿ ಹಿಂಸೆ ನಡೆದು ಸಂಬಂಧ ಮುರಿದರೆ, "ನಿನ್ನ ವೀಸಾ ರದ್ದು ಮಾಡಿಸುತ್ತೇನೆ" ಅನ್ನುವ ಬೆದರಿಕೆಗೆ ಹೆದರಬೇಡಿ. ವೀಸಾ ರದ್ದು ಮಾಡುವ ಅಧಿಕಾರ ಸರ್ಕಾರದ್ದು, ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ. ಕೌಟುಂಬಿಕ ಹಿಂಸೆಗೆ ಒಳಗಾದವರು ಸಂಬಂಧ ಮುಗಿದ ಮೇಲೂ ಕಾಯಂ ವೀಸಾ ಕೇಳುವ ದಾರಿ ಆ ದೇಶದ ಕಾನೂನಿನಲ್ಲೇ ಇದೆ. 1800 737 732 ಅಲ್ಲಿನ ಸಹಾಯವಾಣಿ, ದಿನದ 24 ಗಂಟೆಯೂ ಎತ್ತುತ್ತಾರೆ. ಹೊರಡುವ ಮುಂಚೆ ಈ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ.